ಎಲೆ ಒತ್ತಿದರೆ ನರ ಯಾಕೆ ಮೂಡುವುದಿಲ್ಲ?

ಪ್ರಶ್ನೆ: ಹಿತ್ತಲಿನ ದಾಸವಾಳ, ಮಾವು, ದೊಡ್ಡಪತ್ರೆ ಎಲೆಗಳಿಗೆ ಫ್ಯಾಬ್ರಿಕ್ ಪೇಂಟ್ ಹಚ್ಚಿ ಹೊಸ ಬಿಳಿ ಕಾಟನ್ ಮೇಜುಬಟ್ಟೆಯ ಮೇಲೆ ಒತ್ತಿದೆ. ಎಲೆಯ ಆಕಾರದ ಬಣ್ಣದ ಮುದ್ದೆ ಬಂತೇ ಹೊರತು ನರಗಳು ಮೂಡಲಿಲ್ಲ. ಎರಡು ಸಲ ಒಗೆಯುವಷ್ಟರಲ್ಲಿ ಬಣ್ಣ ಅಲ್ಲಲ್ಲಿ ಎದ್ದುಹೋಯಿತು. ಉಪ್ಪು, ವಿನೆಗರ್ ಹಾಕಿದ ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ಒಬ್ಬರು, ಸ್ಫಟಿಕ (ಆಲಂ) ಹಾಕಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ. ಮುಂದೆ ಮಗಳ ದುಪಟ್ಟಾಕ್ಕೆ ಮಾಡಬೇಕೆಂದಿದ್ದೇನೆ. ಯಾವ ಎಲೆ, ಯಾವ ಬಣ್ಣ, ಹೇಗೆ? ಹಾಳಾದ ಮೇಜುಬಟ್ಟೆಗೆ ಏನಾದರೂ ದಾರಿ ಇದೆಯೇ?
— ಓದುಗರು, ಶಿರಸಿ

ಉತ್ತರ: ನಿಮ್ಮ ಪತ್ರ ಓದಿದರೆ ತೊಂದರೆ ಎರಡು ಕಡೆ ಇರುವಂತೆ ಕಾಣುತ್ತದೆ. ಮುದ್ದೆ ಬಂದದ್ದು ಬಣ್ಣ ಹೆಚ್ಚಾದ್ದರಿಂದ. ಎದ್ದುಹೋದದ್ದು, ನೀವೇ ಬರೆದಿರುವಂತೆ, ಬಟ್ಟೆ 'ಹೊಸದು' ಆಗಿದ್ದರಿಂದ. ಎಲೆಯ ಆಯ್ಕೆಯೂ ಸ್ವಲ್ಪ ಕೈಕೊಟ್ಟಿದೆ, ಆದರೆ ಅದು ಆಮೇಲಿನ ಮಾತು. ಬಣ್ಣ ಹೆಚ್ಚಾದರೆ ಎಂಥ ಒಳ್ಳೆಯ ಎಲೆಯೂ ಮುದ್ದೆಯನ್ನೇ ಕೊಡುತ್ತದೆ.

ಎಲೆಯನ್ನು ತಿರುಗಿಸಿ ಬೆನ್ನಿನ ಮೇಲೆ ಬೆರಳಾಡಿಸಿ ನೋಡಿ. ನರಗಳು ಉಬ್ಬಿಕೊಂಡಿರುವುದು ಅಲ್ಲಿ. ಮುಖದ ಕಡೆ ಬಹುತೇಕ ಎಲೆಗಳು ನುಣುಪು, ನರ ಇದ್ದರೂ ತಗ್ಗಿನಲ್ಲಿರುತ್ತದೆ. ಅಚ್ಚು ಎತ್ತಬೇಕಾದದ್ದು ಯಾವಾಗಲೂ ಬೆನ್ನಿನಿಂದ. ಬಣ್ಣ ನಿಲ್ಲಬೇಕಾದದ್ದು ಆ ಉಬ್ಬಿನ ಮೇಲೆ. ನರ ನರಗಳ ನಡುವಿನ ತಗ್ಗಿನಲ್ಲಿ ತೆಳ್ಳಗೆ ಸವರಿದಷ್ಟೇ ಇದ್ದರೆ ಸಾಕು. ಪಂಚಾಯ್ತಿ ಕಚೇರಿಯ ರಬ್ಬರ್ ಸೀಲಿಗೆ ಶಾಯಿ ಜಾಸ್ತಿಯಾದಾಗ ಅಕ್ಷರವೆಲ್ಲ ತುಂಬಿ ಕಪ್ಪು ಉಂಡೆಯಾಗುತ್ತದಲ್ಲ, ನಿಮ್ಮ ಮೇಜುಬಟ್ಟೆಯ ಮೇಲೆ ಆಗಿರುವುದೂ ಅದೇ.

ನಿಮ್ಮ ಕಡೆ ದರೆಯ ಪಕ್ಕ ಬೆಳೆಯುವ ಬೆಳ್ಳಿ ಜರಿಗಿಡವನ್ನು ಚಿಕ್ಕಂದಿನಲ್ಲಿ ಕೈಗೆ ಒತ್ತಿಕೊಂಡಿರಬಹುದು. ಎಲೆಯ ಬೆನ್ನಿಗೆ ಬಿಳಿ ಹುಡಿ ಇರುತ್ತದೆ. ಅಂಗೈಯ ಹಿಂಭಾಗಕ್ಕೆ ಇಟ್ಟು ಒಂದು ಏಟು ಕೊಟ್ಟರೆ ಇಡೀ ಎಲೆ ಬೆಳ್ಳಗೆ, ಗೆರೆ ಗೆರೆಯಾಗಿ ಮೂಡುತ್ತದೆ. ಆ ಅಚ್ಚು ಅಷ್ಟು ಸ್ಪಷ್ಟವಾಗಿರುವುದಕ್ಕೆ ಕಾರಣ ಹುಡಿ ತೀರಾ ತೆಳುವಾಗಿ, ಒಂದೇ ಸಮನಾಗಿ ಇರುವುದು. ಬಣ್ಣವನ್ನೂ ಅಷ್ಟೇ ತೆಳುವಾಗಿ ಹಚ್ಚಬೇಕು.

ಹಚ್ಚುವುದಕ್ಕೆ ಕುಂಚ ಬೇಡ. ಕುಂಚದ ಕೂದಲು ಎಳೆದ ಗೆರೆಗಳು ನರದ ಗೆರೆಗಳ ಜೊತೆ ಕಲಸಿಹೋಗುತ್ತವೆ, ಬಣ್ಣವೂ ತಗ್ಗುಗಳಿಗೆ ಹೋಗಿ ತುಂಬಿಕೊಳ್ಳುತ್ತದೆ. ಹಳೆಯ ಹಾಸಿಗೆಯ ಫೋಮ್ ಅಥವಾ ಪಾತ್ರೆ ತೊಳೆಯುವ ಸ್ಪಂಜಿನಿಂದ ಬೆಂಕಿಪೊಟ್ಟಣದಷ್ಟು ತುಂಡು ಕತ್ತರಿಸಿಕೊಳ್ಳಿ. ಸ್ಟೀಲ್ ತಟ್ಟೆಯ ಮೇಲೆ ಕಡಲೆಕಾಳಿನಷ್ಟು ಬಣ್ಣ ಹಾಕಿ, ಸ್ಪಂಜಿನಿಂದ ತಟ್ಟಿ ತಟ್ಟಿ ತಟ್ಟೆಯ ಮೇಲೇ ಹರಡಿ. ಎಲೆಗೆ ತಾಗಿಸುವ ಮೊದಲು ಅದೇ ಸ್ಪಂಜನ್ನು ಒಂದೆರಡು ಸಲ ರದ್ದಿ ಕಾಗದಕ್ಕೆ ಒತ್ತಿ ಹೆಚ್ಚಿನದನ್ನು ಕಳೆಯಿರಿ. ಆಮೇಲೆ ಎಲೆಯ ಬೆನ್ನಿಗೆ ಮೆಲ್ಲಗೆ, ನೆಟ್ಟಗೆ ತಟ್ಟಿ, ಉಜ್ಜಬೇಡಿ. ಈಗ ಎಲೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ನರಗಳೆಲ್ಲ ಬಣ್ಣ ಹಿಡಿದು, ನಡುವೆ ಎಲೆಯ ಹಸಿರು ಇನ್ನೂ ಇಣುಕುತ್ತಿದ್ದರೆ ಹದ ಸರಿ ಇದೆ. ಇಡೀ ಮೈ ಒದ್ದೆಯಾಗಿ ಹೊಳೆಯುತ್ತಿದ್ದರೆ ಹೆಚ್ಚಾಯಿತು. ಕಾಗದಕ್ಕೆ ಒಂದು ಸಲ ಒತ್ತಿ ತೆಗೆದು, ಉಳಿದದ್ದನ್ನು ಬಟ್ಟೆಗೆ ಒತ್ತಿ. ಎಷ್ಟೋ ಸಲ ಕಾಗದದ ಮೇಲಿನ ಮೊದಲ ಅಚ್ಚಿಗಿಂತ ಬಟ್ಟೆಯ ಮೇಲಿನ ಎರಡನೆಯದೇ ಚೆನ್ನಾಗಿರುತ್ತದೆ.

ಅದಕ್ಕೆ ಇನ್ನೊಂದು ಕಾರಣವೂ ಇದೆ. ಹೊಸ ಎಲೆಯ ಮೇಲೆ ಮೇಣದಂಥ ಪದರ ಇರುವುದರಿಂದ ಮೊದಲ ಸಲ ಬಣ್ಣ ಹನಿಹನಿಯಾಗಿ ಒಡೆದು ನಿಲ್ಲುತ್ತದೆ. ಒಂದೆರಡು ಸಲ ಬಣ್ಣ ಕುಡಿದ ಮೇಲೆ ಎಲೆ ಪಳಗುತ್ತದೆ. ಹಾಗಾಗಿ ಪ್ರತಿ ಹೊಸ ಎಲೆಯ ಮೊದಲ ಅಚ್ಚು ಕಾಗದಕ್ಕೆ ಸಲ್ಲಲಿ. ಗಟ್ಟಿ ಎಲೆಯಾದರೆ ಒಂದರಿಂದಲೇ ಹಲವು ಅಚ್ಚು ಎತ್ತಬಹುದು. ಅಂಚು ಸೀಳಿದಾಗ ಅಥವಾ ಒಣಗಿದ ಬಣ್ಣ ನರಗಳ ಸಂದಿನಲ್ಲಿ ಕಟ್ಟಿಕೊಂಡಾಗ ಬದಲಾಯಿಸಿದರಾಯಿತು.

ಒತ್ತುವಾಗ ಬಟ್ಟೆಯ ಅಡಿಯಲ್ಲಿ ಏನಿದೆ ಎನ್ನುವುದು ಮುಖ್ಯ. ಬರಿಯ ಮೇಜಿನ ಮೇಲೆ ಹಾಸಿದ್ದೀರಾದರೆ ನಡುನರದ ಎರಡೂ ಪಕ್ಕ ಬಿಳಿ ಪಟ್ಟೆ ಉಳಿದಿರಬೇಕು, ಮಾವಿನೆಲೆಯಲ್ಲಂತೂ ಖಂಡಿತ. ನಡುನರ ದಪ್ಪಗಿದ್ದು ಪಕ್ಕದ ಎಲೆಯನ್ನು ಬಟ್ಟೆಗೆ ತಾಗಲು ಬಿಡುವುದಿಲ್ಲ. ಸಾಂಪ್ರದಾಯಿಕ ಅಚ್ಚು ಹಾಕುವವರ ಮೇಜಿಗೆ ಗೋಣಿ, ಬಟ್ಟೆಗಳ ಪದರ ಹಾಕಿ ಮೆತ್ತೆ ಮಾಡಿರುವುದು ಇಂಥ ಕಾರಣಕ್ಕೇ. ನೀವು ಹಳೆಯ ಹತ್ತಿ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಅದರ ಮೇಲೊಂದು ಹಳೆಯ ಬಿಳಿ ಬೆಡ್‌ಶೀಟ್ ಹಾಸಿಕೊಳ್ಳಿ. ಸುದ್ದಿಪತ್ರಿಕೆಯನ್ನು ನೇರ ಬಟ್ಟೆಯ ಅಡಿಗೆ ಇಡಬೇಡಿ, ಒದ್ದೆಯಾದರೆ ಅದರ ಶಾಯಿ ಬಿಡುತ್ತದೆ. ತೀರಾ ಮೆತ್ತಗೆ ಬೇಡ. ಹತ್ತಿಯ ಹಾಸಿಗೆಯ ಮೇಲೆ ಒತ್ತಿದರೆ ಎಲೆಯ ಅಂಚು ಕದಡುತ್ತದೆ. ನಡುನರ ತುಂಬಾ ಒರಟಾಗಿದ್ದರೆ ಮೊದಲೇ ಎಲೆಯನ್ನು ಎರಡು ಕಾಗದದ ನಡುವೆ ಇಟ್ಟು ಲಟ್ಟಣಿಗೆಯಿಂದ ಒಮ್ಮೆ ಹೊರಳಿಸಿ, ನರ ಚಪ್ಪಟೆಯಾಗುತ್ತದೆ.

ಎಲೆಯನ್ನು ತೊಟ್ಟು ಹಿಡಿದು ಇಳಿಸಿ. ತಾಗಿತೆಂದರೆ ಮುಗಿಯಿತು, ಸರಿಸುವಂತಿಲ್ಲ. ಮೇಲೊಂದು ಕಾಗದದ ಚೂರು ಇಟ್ಟು, ಒಂದು ಕೈಯಿಂದ ಅದನ್ನು ಹಿಡಿದು, ಇನ್ನೊಂದು ಕೈಯ ಬೆರಳ ತುದಿಯಿಂದ ನಡುನರದಿಂದ ಅಂಚಿನ ಕಡೆಗೆ ಒತ್ತುತ್ತ ಹೋಗಿ. ಈ ಹಂತದಲ್ಲಿ ಲಟ್ಟಣಿಗೆ ಬೇಡ ಎನ್ನುತ್ತೇನೆ. ಬೇಗ ಆಗುತ್ತದೆ, ನಿಜ. ಆದರೆ ಅದು ಬಣ್ಣವನ್ನು ಒಂದು ಕಡೆಗೆ ತಳ್ಳಿಕೊಂಡು ಹೋಗುತ್ತದೆ. ಬೆರಳಿಗೆ ಕಾಗದದ ಮೂಲಕವೂ ನರ ಸಿಗುತ್ತದೆ, ಯಾವ ಮೂಲೆ ಒತ್ತಿಲ್ಲ ಎನ್ನುವುದೂ ತಿಳಿಯುತ್ತದೆ. ತುದಿ ಮತ್ತು ಅಂಚನ್ನು ಮರೆಯಬೇಡಿ, ಅಚ್ಚು ಹರಿದುಹೋದಂತೆ ಕಾಣುವುದು ಅಲ್ಲೇ. ನಂತರ ತೊಟ್ಟು ಹಿಡಿದು ನೇರ ಮೇಲಕ್ಕೆ ಎತ್ತಿ. ಫ್ಯಾನ್ ಆರಿಸಿರಿ. ಇಷ್ಟು ತೆಳು ಬಣ್ಣ ಬೇಸಿಗೆಯ ಮಧ್ಯಾಹ್ನ ಫ್ಯಾನಿನ ಕೆಳಗೆ ಎಲೆಯ ಮೇಲೇ ಒಣಗಿಬಿಡುತ್ತದೆ. ಬೆಳಗಿನ ಹೊತ್ತು ವಾಸಿ.

ಇನ್ನು ಎಲೆಗಳು. ನೀವು ಆರಿಸಿದ ಮೂರರಲ್ಲಿ ದೊಡ್ಡಪತ್ರೆಯನ್ನು ಕೈಬಿಡಿ. ಅದರ ಅಂಚಿನ ಕಚ್ಚು ನೋಡಲು ಚೆಂದ, ಒತ್ತಿದರೆ ರಸ ಒಸರಿ ಬಣ್ಣ ನೀರಾಗುತ್ತದೆ. ಬಸಳೆ, ಕಾಡುಬಸಳೆಯ ಕಥೆಯೂ ಅದೇ. ದಾಸವಾಳ ಆಗಬಹುದು, ಆದರೆ ಜೋರಾಗಿ ಒತ್ತಿದರೆ ಲೋಳೆ ಬಿಡುತ್ತದೆ. ಮಾವು ಗಟ್ಟಿ, ನುಣುಪು; ನಡುನರ ಎದ್ದು ಕಾಣುತ್ತದೆ, ಬದಿಯ ಗೆರೆಗಳು ಮಸುಕು.

ಕಲಿಯುವವರಿಗೆ ಮೊದಲು ಕೊಡಬೇಕಾದ ಎಲೆ ಸೀಬೆ, ನಿಮ್ಮ ಕಡೆಯ ಪೇರಲೆ. ಬದಿಯ ನರಗಳು ಸಾಲಾಗಿ, ಏಣಿಯ ಮೆಟ್ಟಿಲಿನಂತೆ ಬೆನ್ನಿನಲ್ಲಿ ಉಬ್ಬಿರುತ್ತವೆ. ಎಲೆ ಗಟ್ಟಿ, ಹರಿಯುವುದಿಲ್ಲ, ರಸ ಬಿಡುವುದಿಲ್ಲ. ಅದು ಕೈಗೆ ಬಂದ ಮೇಲೆ ಪಾರಿಜಾತ: ಮೈಯೆಲ್ಲ ಉಪ್ಪುಕಾಗದದಂತೆ ತರಿ ಇರುವುದರಿಂದ ಬಣ್ಣ ಜಾರದೆ ಹಿಡಿದುಕೊಳ್ಳುತ್ತದೆ. ಬಸವನಪಾದದ ಎಲೆ ಎರಡು ಭಾಗವಾಗಿ ಸೀಳಿಕೊಂಡು ತೊಟ್ಟಿನಿಂದ ಬೀಸಣಿಗೆಯಂತೆ ಹರಡುವ ನರ ಕೊಡುತ್ತದೆ, ಒಂದೇ ಇಟ್ಟರೂ ಸಾಕು ಎನ್ನಿಸುತ್ತದೆ. ಅರಳಿಯ ಬಾಲವನ್ನು ಬಳುಕಿಸಿ ಇಡಿ. ತೇಗದ ಎಲೆ ಒರಟು, ಅಗಲ. ಮೇಜುಬಟ್ಟೆ, ಪರದೆಗೆ ಅದರಷ್ಟು ಗಟ್ಟಿ ಅಚ್ಚು ಕೊಡುವ ಎಲೆಗಳು ಕಡಿಮೆ. ಆದರೆ ಚಿಗುರು ತೇಗ ಬೇಡ, ತಿಕ್ಕಿದರೆ ಕೆಂಪು ರಸ ಬಿಡುತ್ತದೆಂದು ನಿಮಗೆ ಗೊತ್ತೇ ಇದೆ. ಜರಿಗಿಡಗಳು ಮಲೆನಾಡಿನವರಿಗೆ ಸಿಕ್ಕ ವರ. ಬೇವು, ಕರಿಬೇವನ್ನು ಬಿಡಿ ಎಲೆಯಾಗಿ ಅಲ್ಲ, ಇಡೀ ಕಡ್ಡಿಯಾಗಿ ಒತ್ತಬೇಕು. ಹೆಚ್ಚು ಬಾಡಿದರೆ ಕರಿಬೇವು ಎಲೆ ಉದುರಿಸುತ್ತದೆ, ಹಾಗಾಗಿ ಕಿತ್ತ ದಿನವೇ ಬಳಸಿ.

ಕೆಸುವಿನ ಎಲೆಯನ್ನು ನೋಡಿದಾಗ ಆಸೆಯಾಗುವುದು ಸಹಜ. ಅದರ ಮುಖದ ಮೇಲೆ ನೀರೇ ನಿಲ್ಲುವುದಿಲ್ಲ, ಬಣ್ಣ ನಿಂತೀತೇ? ಬೆನ್ನಿನ ಕಡೆ ನೀರು ಸೇರಿಸದ ಗಟ್ಟಿ ಬಣ್ಣ ತಟ್ಟಿದರೆ ಸಾಧ್ಯ, ಕೈ ತುರಿಸಿದರೆ ನನ್ನನ್ನು ಬಯ್ಯಬೇಡಿ. ಬಾಳೆಯಿಂದ ದೂರವಿರಿ, ಅದರ ಕರೆ ಬಟ್ಟೆಗೆ ಹತ್ತಿದರೆ ಬಟ್ಟೆ ಹರಿದರೂ ಕರೆ ಹೋಗುವುದಿಲ್ಲ. ಹಲಸು, ಅರಳಿ, ಅತ್ತಿಯ ತೊಟ್ಟಿನಿಂದಲೂ ಹಾಲು ಬರುತ್ತದೆ, ಒರೆಸಿ, ನಿಂತ ಮೇಲೆ ಬಳಸಿ. ಎಕ್ಕ, ಕಣಗಿಲೆಯನ್ನು ಮಕ್ಕಳ ಕೈಗೆ ಕೊಡಲೇಬೇಡಿ, ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ. ಪಾರ್ಥೇನಿಯಂ ಎಲೆಯ ಕತ್ತರಿ ಕೆಲಸ ನೋಡಿ ಮೋಹಗೊಂಡವರಿದ್ದಾರೆ. ಚರ್ಮಕ್ಕೆ ಅಲರ್ಜಿ ತರುವ ಗಿಡ ಅದು, ಮುಟ್ಟದಿರುವುದೇ ಲೇಸು.

ಯಾವುದೇ ಎಲೆಯಾಗಲಿ, ಇಬ್ಬನಿ ಆರಿದ ಮೇಲೆ ಕೀಳಿ, ಧೂಳು ಒರೆಸಿ, ರದ್ದಿ ಕಾಗದದ ನಡುವೆ ಇಟ್ಟು ಮೇಲೆ ಭಾರ ಹೇರಿ ಒಂದೆರಡು ಗಂಟೆ ಬಿಡಿ. ತಾಜಾ ಎಲೆ ಸೆಟೆದುಕೊಂಡಿರುತ್ತದೆ, ಬಟ್ಟೆಯ ಮೇಲೆ ಮಲಗುವುದಿಲ್ಲ. ಸ್ವಲ್ಪ ಬಾಡಿದ್ದು ಮಲಗುತ್ತದೆ. ಪೂರಾ ಒಣಗಿದ್ದು ಪುಡಿಯಾಗುತ್ತದೆ.

ಎಲೆಯ ನರಜಾಲವನ್ನು ಯಾರೂ ನಕಲು ಮಾಡಲಾರರು ಎಂಬುದನ್ನು ದುಡ್ಡಿನ ವ್ಯವಹಾರಕ್ಕೇ ಬಳಸಿದವರಿದ್ದಾರೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಮುದ್ರಕನಾಗಿದ್ದಾಗ, 1730ರ ದಶಕದ ಕೊನೆಯಲ್ಲಿ, ಖೋಟಾ ನೋಟು ತಡೆಯಲು ಕಾಗದದ ನೋಟುಗಳ ಹಿಂಬದಿಗೆ ನಿಜವಾದ ಎಲೆಯ ಅಚ್ಚು ಹಾಕಿದ. ಎಲೆಯ ಪಡಿಯಚ್ಚು ತೆಗೆದು ಅದರಿಂದ ಲೋಹದ ಅಚ್ಚು ಎರಕ ಹೊಯ್ಯುತ್ತಿದ್ದ; ಹೇಗೆಂಬ ಗುಟ್ಟನ್ನು ಬಿಟ್ಟುಕೊಡುತ್ತಿರಲಿಲ್ಲ. ಕೆತ್ತುವವನು ಎಷ್ಟೇ ನಿಪುಣನಾದರೂ ನರಗಳ ದಪ್ಪ ತೆಳುವನ್ನು ಕೈಯಿಂದ ಹಾಗೇ ಇಳಿಸುವುದು ಕಷ್ಟವಾಗಿತ್ತು. ಈ ಸೂಕ್ಷ್ಮವೇ ನಿಮ್ಮ ಮುದ್ದೆಯಲ್ಲಿ ಮುಳುಗಿಹೋಗಿರುವುದು.

ಈಗ ಎದ್ದುಹೋದ ಬಣ್ಣದ ವಿಚಾರಕ್ಕೆ ಬರುತ್ತೇನೆ. ಅಂಗಡಿಯಿಂದ ಬಂದ ಹೊಸ ಕಾಟನ್ನಿಗೆ ಗಂಜಿ ಇರುತ್ತದೆ, ಜೊತೆಗೆ ಗಿರಣಿಯ ಜಿಡ್ಡು. ಬಣ್ಣ ಕೂತದ್ದು ನೂಲಿನ ಮೇಲಲ್ಲ, ಗಂಜಿಯ ಮೇಲೆ. ಒಗೆದಾಗ ಗಂಜಿ ಕರಗಿತು, ಬಣ್ಣವನ್ನೂ ಕರೆದುಕೊಂಡು ಹೋಯಿತು. ಬಿಸಿನೀರಿಗೆ ಸೋಪಿನ ಪುಡಿ ಮತ್ತು ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಬಟ್ಟೆ ನೆನೆಸಿ, ಒಗೆದು, ಸೋಪು ಪೂರಾ ಹೋಗುವಷ್ಟು ಜಾಲಾಡಿ. ಘಮಘಮಿಸುವ ಸಾಫ್ಟ್‌ನರ್ ಹಾಕಬೇಡಿ, ಅದೂ ಒಂದು ಪದರ ಕಟ್ಟುತ್ತದೆ. ಒಣಗಿದ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಕೂಡಲೇ ಇಂಗಿದರೆ ಬಟ್ಟೆ ಸಿದ್ಧ. ಮುತ್ತಿನಂತೆ ನಿಂತರೆ ಇನ್ನೊಂದು ಸಲ ಒಗೆಯಿರಿ. ಕಾಟನ್ ಕುಗ್ಗುವುದಿದ್ದರೆ ಈಗಲೇ ಕುಗ್ಗಿಬಿಡುತ್ತದೆ, ಅಚ್ಚು ಹಾಕಿದ ಮೇಲಲ್ಲ.

ಉಪ್ಪು, ವಿನೆಗರ್, ಸ್ಫಟಿಕದ ಸಲಹೆ ಕೊಟ್ಟವರು ಸುಳ್ಳು ಹೇಳಿಲ್ಲ, ಬೇರೆ ಕೆಲಸದ ಮಾತು ಹೇಳಿದ್ದಾರೆ. ನೀರಿನಲ್ಲಿ ಕರಗುವ, ನೂಲಿನ ಒಳಕ್ಕೆ ಇಳಿಯುವ ಬಣ್ಣಗಳಿವೆ. ಕಲಂಕಾರಿಯಲ್ಲಿ ಅಳಲೆಕಾಯಿ, ಸ್ಫಟಿಕ ಬಳಸುವುದು ಸಸ್ಯದ ಬಣ್ಣ ನೂಲನ್ನು ಕಚ್ಚಿಹಿಡಿಯಲೆಂದು. ಎಲೆಯನ್ನೇ ಬಟ್ಟೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿ ಅದರ ಸ್ವಂತ ಬಣ್ಣ ಇಳಿಸುವ ಕಲೆಗೂ ಸ್ಫಟಿಕ ಬೇಕು. ನಿಮ್ಮ ಡಬ್ಬಿಯ ಬಣ್ಣದ ಜಾತಿ ಬೇರೆ. ಅದು ಕರಗದ ಬಣ್ಣದ ಪುಡಿ. ಅದನ್ನು ನೂಲಿಗೆ ಅಂಟಿಸುವುದು ಜೊತೆಗಿರುವ ಅಕ್ರಿಲಿಕ್ ಅಂಟು. ಆ ಅಂಟು ಒಣಗಿ, ಕಾವಿಗೆ ಕೂಡಿಕೊಂಡು ತೆಳು ಪೊರೆಯಾಗಬೇಕು. ಸ್ಫಟಿಕಕ್ಕೂ ಉಪ್ಪಿಗೂ ಅಲ್ಲಿ ಮಾಡುವ ಕೆಲಸವೇ ಇಲ್ಲ. ಮಾಡಬೇಕಾದದ್ದು ಇಸ್ತ್ರಿ, ಅದರ ಪ್ರಸ್ತಾಪವೇ ನಿಮ್ಮ ಪತ್ರದಲ್ಲಿಲ್ಲ.

ಅಚ್ಚು ಹಾಕಿದ ಬಟ್ಟೆಯನ್ನು ಒಂದು ಪೂರ್ತಿ ದಿನ ನೆರಳಿನಲ್ಲಿ ಒಣಗಿಸಿ. ಶಿರಸಿಯ ಮಳೆಗಾಲದಲ್ಲಿ ಒಂದು ದಿನ ಸಾಲದು. ಮಡಚಬೇಡಿ, ಅರೆ ಒಣಗಿದ ಬಣ್ಣ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ನಂತರ ಬಟ್ಟೆ ಮಗುಚಿ ಹಾಕಿ, ಮೇಲೊಂದು ತೆಳು ಬಟ್ಟೆ ಇಟ್ಟು, ಹಬೆಯಿಲ್ಲದ ಇಸ್ತ್ರಿಪೆಟ್ಟಿಗೆಯನ್ನು ಕಾಟನ್ ಗುರುತಿಗೆ ತಿರುಗಿಸಿ, ಪ್ರತಿ ಅಚ್ಚಿನ ಮೇಲೂ ಮೂರರಿಂದ ಐದು ನಿಮಿಷ ಆಡಿಸಿ. ಒಂದೇ ಕಡೆ ನಿಲ್ಲಿಸಿದರೆ ಬಟ್ಟೆ ಕೆಂಪಾಗುತ್ತದೆ. ಆಮೇಲೂ ಮೂರು ದಿನ ನೀರು ಮುಟ್ಟಿಸಬೇಡಿ. ಒಗೆಯುವಾಗ ಒಳಹೊರಗು ಮಾಡಿ, ತಣ್ಣೀರು, ಸೌಮ್ಯ ಸೋಪು. ಒಗೆಯುವ ಕಲ್ಲಿಗೆ ಬಡಿದರೆ, ಬ್ರಷ್ ಹಾಕಿ ಉಜ್ಜಿದರೆ ಯಾವ ಇಸ್ತ್ರಿಯೂ ಕಾಪಾಡದು.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೆವಿಕ್ರಿಲ್, ಕ್ಯಾಮೆಲ್ ಯಾವುದಾದರೂ ಸರಿ, ಡಬ್ಬಿಯ ಮೇಲೆ ಬಟ್ಟೆಗೆಂದು ಬರೆದಿರಬೇಕು. ಮಕ್ಕಳ ಪೋಸ್ಟರ್ ಕಲರ್ ಒಂದೇ ಒಗೆತಕ್ಕೆ ಹೋಗುತ್ತದೆ. ಗಟ್ಟಿಯಾಯಿತೆಂದು ನೀರು ಸುರಿಯಬೇಡಿ: ಅಂಟು ತೆಳುವಾಗುತ್ತದೆ, ಬಣ್ಣ ನೂಲಿನ ಗುಂಟ ಹರಿದು ಅಂಚು ಕೆಡುತ್ತದೆ. ಬಣ್ಣ ಸಡಿಲಿಸಲೆಂದೇ ಅದೇ ಕಂಪನಿಯ ಮೀಡಿಯಂ ಎಂಬ ದ್ರವ ಸಿಗುತ್ತದೆ, ಒಂದೆರಡು ಹನಿ ಬೆರೆಸಿ. ಗಾಢ ಬಟ್ಟೆಯ ಮೇಲೆ ಸಾಮಾನ್ಯ ಬಣ್ಣ ಕಾಣುವುದಿಲ್ಲ, ಬಿಳಿ ಬೆರೆಸಿಯೇ ಹಚ್ಚಬೇಕು. ಇನ್ನು, ಡಬ್ಬಿಯಿಂದ ತೆಗೆದ ಅಚ್ಚ ಹಸಿರನ್ನು ಹಾಗೇ ಹಚ್ಚಿದರೆ ಎಲೆ ಪ್ಲಾಸ್ಟಿಕ್ಕಿನದ್ದಾಗುತ್ತದೆ. ಚಿಟಿಕೆ ಕಂದು ಅಥವಾ ಕೆಂಪು ಸೇರಿಸಿ ಅದರ ಕಣ್ಣುಕುಕ್ಕುವಿಕೆ ಇಳಿಸಿ. ನನ್ನನ್ನು ಕೇಳಿದರೆ ಎಲೆಯನ್ನು ಹಸಿರಿನಲ್ಲೇ ಒತ್ತಬೇಕೆಂದಿಲ್ಲ. ಬಿಳಿ ಬಟ್ಟೆಯ ಮೇಲೆ ನೀಲಿ ಸೀಬೆ, ಇಟ್ಟಿಗೆಗೆಂಪಿನ ಜರಿಗಿಡ ಹಸಿರಿಗಿಂತ ಚೆನ್ನಾಗಿ ಕಾಣುತ್ತವೆ.

ದುಪಟ್ಟಾ ಕಾಟನ್ ಎಂದುಕೊಂಡು ಹೇಳುತ್ತಿದ್ದೇನೆ. ಪಾಲಿಯೆಸ್ಟರ್ ಶಿಫಾನ್, ಜಾರ್ಜೆಟ್ ಆದರೆ ಬಿಟ್ಟುಬಿಡಿ, ಕಾಟನ್ ಕಾವಿನ ಇಸ್ತ್ರಿಯನ್ನು ಅವು ತಡೆಯುವುದಿಲ್ಲ. ಕಾಟನ್ನಿನಲ್ಲೂ ನೇಯ್ಗೆ ನೋಡಿ. ನೂಲಿಗಿಂತ ತೆಳುವಾದ ನರ ಬಟ್ಟೆಯ ಮೇಲೆ ಮೂಡಲು ಜಾಗವೇ ಇರುವುದಿಲ್ಲ. ಒರಟು ಖಾದಿಯಲ್ಲಿ ತೇಗ, ಬಸವನಪಾದ ನಿಲ್ಲುತ್ತವೆ, ಜರಿಗಿಡದ ಸೂಕ್ಷ್ಮ ಕಳೆದುಹೋಗುತ್ತದೆ. ಕೇಂಬ್ರಿಕ್, ಪಾಪ್ಲಿನ್ ಒತ್ತಾದ ನೇಯ್ಗೆಯವು, ಗೆರೆ ಚೊಕ್ಕವಾಗಿ ಬರುತ್ತದೆ. ಮಲ್ಮಲ್ ತೆಳು, ಬಣ್ಣ ಆಚೆ ಬದಿಗೆ ಇಳಿಯುತ್ತದೆ, ಅದಕ್ಕೆ ಸ್ಪಂಜಿನಲ್ಲಿ ಇನ್ನೂ ಕಡಿಮೆ ಬಣ್ಣ ಇರಲಿ. ಒತ್ತುವ ಮೊದಲು ಬಟ್ಟೆಯನ್ನು ಅಡಿಯ ಬೆಡ್‌ಶೀಟಿಗೆ ಗುಂಡುಸೂಜಿಯಿಂದ ಬಿಗಿಯಿರಿ, ಎಲೆ ಎತ್ತುವಾಗ ಬಟ್ಟೆಯೇ ಎದ್ದುಬರಬಾರದು.

ಅಚ್ಚು ಹಾಕಿದ ಕಡೆ ಬಟ್ಟೆ ಸ್ವಲ್ಪ ಸೆಡೆಯುತ್ತದೆ. ಮೇಜುಬಟ್ಟೆಗೆ ಅದರಿಂದ ನಷ್ಟವಿಲ್ಲ; ದುಪಟ್ಟಾ ಮಾತ್ರ ಹೆಗಲ ಮೇಲೆ ಇಳಿಯಬೇಕು. ಆದ್ದರಿಂದ ಎರಡು ಸೆರಗಿನ ಕಡೆಗಷ್ಟೇ ಅಚ್ಚು ಇಟ್ಟು ನಡುವನ್ನು ಖಾಲಿ ಬಿಡಿ, ಅಥವಾ ಕರಿಬೇವಿನ ಕಡ್ಡಿಗಳನ್ನು ದೂರ ದೂರ ಚೆದುರಿಸಿ. ಮೊದಲು ಅದೇ ಎಲೆಗಳನ್ನು ಬಣ್ಣ ಹಚ್ಚದೆ ಬಟ್ಟೆಯ ಮೇಲೆ ಜೋಡಿಸಿ ದೂರ ನಿಂತು ನೋಡಿ. ಎಲ್ಲ ತುದಿಗಳೂ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಗೋಡೆಯ ಟೈಲ್ಸ್‌ನಂತೆ ಕಾಣುತ್ತದೆ, ಒಂದೆರಡನ್ನು ತಿರುಗಿಸಿ.

ಹಾಳಾದ ಮೇಜುಬಟ್ಟೆಯಿಂದ ಒಣಗಿದ ಬಣ್ಣವನ್ನು ತೆಗೆಯುವ ಪ್ರಯತ್ನ ಬೇಡ, ನೂಲು ಹಾಳಾಗುತ್ತದೆ ಅಷ್ಟೇ. ಅದನ್ನು ಈಗ ಸೋಡಾ ಹಾಕಿ ಚೆನ್ನಾಗಿ ಒಗೆಯಿರಿ. ಏಳುವ ಬಣ್ಣವೆಲ್ಲ ಏಳಲಿ. ಉಳಿದ ಮುದ್ದೆಗಳು ಮಸುಕು ಛಾಯೆಯಾಗಿ ನಿಲ್ಲುತ್ತವೆ. ಅವುಗಳ ಮೇಲೆ, ಪೂರ್ತಿ ಮುಚ್ಚದೆ ಅರ್ಧ ಪಕ್ಕಕ್ಕೆ ಸರಿಸಿ, ಇನ್ನೂ ಗಾಢವಾದ ಬಣ್ಣದಲ್ಲಿ ತೇಗ ಅಥವಾ ಬಸವನಪಾದದ ಅಚ್ಚು ಒತ್ತಿ. ಹಿಂದೆ ಮಸುಕು ಎಲೆ, ಮುಂದೆ ನರ ತುಂಬಿದ ಎಲೆ. ನೋಡಿದವರು ಬೇಕೆಂದೇ ಹಾಗೆ ಮಾಡಿದ್ದು ಎಂದುಕೊಳ್ಳುತ್ತಾರೆ. ಬಳಸಿ ಮುಗಿದ ಎಲೆಗಳನ್ನು ಮಾತ್ರ ಗೊಬ್ಬರದ ಗುಂಡಿಗೆ ಹಾಕಬೇಡಿ. ಅಕ್ರಿಲಿಕ್ ಎಂದರೆ ಪ್ಲಾಸ್ಟಿಕ್ಕೇ, ಅದು ಕೊಳೆಯುವುದಿಲ್ಲ. ಸ್ಪಂಜನ್ನೂ ತಟ್ಟೆಯನ್ನೂ ತೊಳೆಯುವ ಮೊದಲು ಕಾಗದದಿಂದ ಒರೆಸಿಬಿಡಿ, ತೊಳೆದ ನೀರು ತೋಟಕ್ಕೂ ಬಾವಿಕಟ್ಟೆಗೂ ಹೋಗದಿರಲಿ.